ಅದಲು ಬದಲಾದ ಮೊದಲ ಆಯ್ಕೆ

"ಯಾಕ್ರೀ ನನ್ನ ಹಿಂದೆ ಬರ್ತಿದ್ದೀರಿ?"

ತಿರುವಿನಲ್ಲಿ ಗಕ್ಕನೆ ನಿಂತು ಅವಳು ಕೇಳಿದಳು. ದನಿ ಗಟ್ಟಿಯಾಗಿತ್ತು, ಬ್ಯಾಗನ್ನು ಮಾತ್ರ ಎದೆಗವಚಿ ಹಿಡಿದಿದ್ದಳು.

ಎರಡು ಬೀದಿಗಳಿಂದ ಬೆನ್ನು ಹತ್ತಿದ್ದವನು ಏದುಸಿರು ಬಿಡುತ್ತಾ ಒಂದು ಕಾಗದ ಚಾಚಿದ.

"ನಿಮ್ಮ ಅಂಕಪಟ್ಟಿ... ಮೆಷಿನ್ ಒಳಗೇ ಬಿಟ್ಟು ಬಂದಿದ್ದೀರಿ. ಎಷ್ಟು ಕೂಗಿದ್ರೂ ನಿಮ್ಮ ಕಿವಿಗೆ ಬೀಳ್ಲಿಲ್ಲ."

ವಿಶ್ವವಿದ್ಯಾಲಯದ ಗೇಟಿನೆದುರು ಜೆರಾಕ್ಸ್ ಅಂಗಡಿ ನಡೆಸುವವನು ಅವನು. ಅವಳು ಕಾಗದ ಕಸಿದುಕೊಂಡಳು.

"ಓದಿದ್ರಾ?"

"ಹೆಸರು ನೋಡೋಣ ಅಂತ... ಫಿಸಿಕ್ಸ್ ಮಾತ್ರ ಕಣ್ಣಿಗೆ ಬಿತ್ತು. ನನಗಿಂತ ಹನ್ನೆರಡು ಜಾಸ್ತಿನೇ ಇದೆ ಬಿಡಿ!"

ಅವಳಿಗೆ ನಗು ಬರಬೇಕಿತ್ತು. ಬಂದದ್ದು ಅನುಮಾನ. ಒಂದು ವರ್ಷದಿಂದ ಅವಳಿಗೆ ಎಲ್ಲರ ಮೇಲೂ ಅನುಮಾನವೇ. ತನ್ನ ಮೇಲಂತೂ ಇನ್ನೂ ಹೆಚ್ಚು.

ಹೋದ ವರ್ಷ ಪ್ರವೇಶ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ತೆರೆದದ್ದೇ ತಡ, ಅಕ್ಷರಗಳೆಲ್ಲ ಇರುವೆಗಳಂತೆ ಹರಿದಾಡಿದ್ದವು. ಖಾಲಿ ಉತ್ತರಪತ್ರಿಕೆ ಕೊಟ್ಟು ಎದ್ದು ಬಂದಿದ್ದಳು. ಪಶುವೈದ್ಯೆಯಾಗುವ ಆಸೆ ಅಲ್ಲಿಗೇ ನಿಂತಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ ಅಕ್ಕ, "ಈ ಊರಲ್ಲೇ ಬಿ.ಎಸ್ಸಿ. ಮಾಡ್ಕೋ ಗುಬ್ಬಿ" ಎಂದು ಹೇಳಿ ಹೇಳಿ ಸೋತಿದ್ದಳು.

ಹಳೆಯ ಪ್ರಶ್ನೆಪತ್ರಿಕೆಗಳಿಗಾಗಿ ಅವಳು ಮತ್ತೆ ಮತ್ತೆ ಆ ಅಂಗಡಿಗೆ ಹೋಗಲೇಬೇಕಾಯಿತು. ಅವನೂ ಮೂರು ಸಲ ಅದೇ ಪರೀಕ್ಷೆ ಬರೆದು ಸೋತವನೆಂದು ತಿಳಿಯಿತು.

"ಕೈ ನಡುಗಿದ್ರೆ ನಡುಗ್ಲಿ ಬಿಡಿ," ಎಂದಿದ್ದ ಒಮ್ಮೆ. "ಗೊತ್ತಿರೋ ಒಂದೇ ಒಂದು ಪ್ರಶ್ನೆ ಹುಡುಕಿ. ಎಲ್ಲೇ ಇರ್ಲಿ, ಅಲ್ಲಿಂದಲೇ ಶುರು ಮಾಡಿ. ನನಗೆ ಇದನ್ನ ಹೇಳೋರು ಯಾರೂ ಇರ್ಲಿಲ್ಲ."

ಈ ಸಲದ ಪರೀಕ್ಷೆಯಲ್ಲಿ ಅವಳಿಗೆ ಗೊತ್ತಿದ್ದ ಮೊದಲ ಪ್ರಶ್ನೆ ಸಿಕ್ಕಿದ್ದು ನಲವತ್ತೇಳನೆಯ ಸಂಖ್ಯೆಯಲ್ಲಿ! ಅಲ್ಲಿಂದ ಪೆನ್ನು ನಿಲ್ಲಲಿಲ್ಲ.

ಒಳ್ಳೆಯ ರ‍್ಯಾಂಕ್ ಬಂತು. ಅವನ ಕಂಪ್ಯೂಟರ್ ಮುಂದೆಯೇ ಕೂತು ಕಾಲೇಜುಗಳ ಆಯ್ಕೆ ತುಂಬಿದಳು. ಮೊದಲನೆಯದು, ರೈಲಿನಲ್ಲಿ ಒಂದು ಹಗಲು ದೂರದ ಪಶುವೈದ್ಯ ಕಾಲೇಜು. ಎರಡನೆಯದು, ಮನೆ ಹತ್ತಿರದ ಬಿ.ಎಸ್ಸಿ.

"ಐದು ವರ್ಷ..." ಎಂದ ಅವನು. ಅಷ್ಟೇ. ಆಮೇಲೆ ತುಂಬಿದ್ದ ಪ್ರಿಂಟರ್‌ಗೇ ಮತ್ತೆ ಕಾಗದ ತುರುಕತೊಡಗಿದ.

ಅವಳು ಒಮ್ಮೆ ಅವನತ್ತ ನೋಡಿ, ಪಾಸ್‌ವರ್ಡ್ ಒತ್ತಿ ಅರ್ಜಿ ಕಳಿಸಿದಳು.

ಮೂರು ದಿನಗಳ ನಂತರ ಬಸ್ಸಿನ ಕಿಟಕಿಯಿಂದ ಅವಳು ಅಕ್ಕನನ್ನು ಕಂಡಳು. ಅದೇ ಅಂಗಡಿಯಿಂದ ಹೊರಬರುತ್ತಿದ್ದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.

"ಎಲ್ಲಿಗೆ ಹೋಗಿದ್ದೆ ಅಕ್ಕಾ?" ಎಂದು ಮನೆಯಲ್ಲಿ ಕೇಳಿದಳು.

"ಟೈಲರ್ ಹತ್ರ ಕಣೇ."

ಸುಳ್ಳು! ಯಾಕೆ?

ಮರುದಿನ ಮಧ್ಯಾಹ್ನ, ಯಾಕೋ ಮನಸ್ಸು ತಡೆಯದೆ ಫೋನಿನಲ್ಲಿ ತನ್ನ ಅರ್ಜಿ ತೆರೆದಳು.

ಆಯ್ಕೆಗಳು ಅದಲು ಬದಲಾಗಿದ್ದವು. ಬಿ.ಎಸ್ಸಿ. ಮೇಲೆ, ಪಶುವೈದ್ಯ ಕಾಲೇಜು ಕೆಳಗೆ. ತಿದ್ದಲು ಕೊನೆಯ ಗಡುವು ಅಂದೇ ಸಂಜೆ ಐದು ಗಂಟೆ!

ಪಾಸ್‌ವರ್ಡ್ ಒತ್ತುವಾಗ ಪಕ್ಕದಲ್ಲಿ ನಿಂತಿದ್ದವನು ಅವನೊಬ್ಬನೇ ಅಲ್ಲವೇ? ಆ 'ಐದು ವರ್ಷ'ದ ಅರ್ಥ ಇದೇನಾ?

ಅಂಗಡಿಗೆ ನುಗ್ಗಿದವಳೇ ಫೋನನ್ನು ಅವನ ಮುಖಕ್ಕೆ ಹಿಡಿದಳು.

"ಇದು ನಿಮ್ಮ ಕೆಲಸ ತಾನೆ?"

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ... ಇಲ್ಲ. ನಾನಲ್ಲ."

"ನಿನ್ನೆ ಅಕ್ಕ ಯಾಕೆ ಬಂದಿದ್ಲು ಇಲ್ಲಿಗೆ?"

"ಅದನ್ನ ಅವರನ್ನೇ ಕೇಳಿ. ನಾನು ಹೇಳೋ ಹಾಗಿಲ್ಲ."

"ಅವಳು ಹೇಳಿದ್ಲು, ನೀವು ಮಾಡಿದ್ರಿ! ನಾನು ಇಲ್ಲೇ ಉಳೀಲಿ ಅಂತ ತಾನೆ ನಿಮಗೂ ಆಸೆ?"

ಅವನು ಓಡುತ್ತಿದ್ದ ಮೆಷಿನ್ನನ್ನು ನಿಲ್ಲಿಸಿದ.

"ಆಸೆ ಇದೆ," ಎಂದ ಅವನು ಮೆಲ್ಲನೆ. "ಇಲ್ಲ ಅಂದ್ರೆ ಅದು ಸುಳ್ಳಾಗುತ್ತೆ. ಆದ್ರೆ ನಿಮ್ಮ ಅರ್ಜಿಗೆ ನಾನು ಕೈ ಹಾಕಿಲ್ಲ. ಬೈಯೋದಿದ್ರೆ ಆಮೇಲೆ ಬೈರಿ... ಮೊದ್ಲು ಕೂತು ಸರಿ ಮಾಡಿ. ನಾಲ್ಕಾಗ್ತಾ ಬಂತು!"

ಅವಳು ಕೂತಳು. ಆಯ್ಕೆಗಳನ್ನು ಹಿಂದಿನಂತೆ ಜೋಡಿಸಿ ಒತ್ತಿದಳು. ಮೊದಲು ತುಂಬುವಾಗ ಕೇಳಿರದಿದ್ದನ್ನು ಬದಲಾಯಿಸುವಾಗ ಕೇಳಿತು: 'ನೋಂದಾಯಿತ ಮೊಬೈಲಿಗೆ ಬಂದ ಒಟಿಪಿ ನಮೂದಿಸಿ' ಎಂದಿತು ಪರದೆ.

ಓದುವ ದಿನಗಳಲ್ಲಿ ತನ್ನ ಫೋನ್ ಆಫ್ ಮಾಡಿಟ್ಟಿದ್ದರಿಂದ ಅವಳು ಅರ್ಜಿಯಲ್ಲಿ ಕೊಟ್ಟಿದ್ದು ಅಕ್ಕನ ನಂಬರ್.

ಒಟಿಪಿ ಇಲ್ಲದೆ ಯಾರೂ ಏನೂ ಬದಲಾಯಿಸುವಂತಿರಲಿಲ್ಲ. ಅವಳು ತಿರುಗಿ ಅವನನ್ನು ನೋಡಿದಳು. ಅವನು ನೋಟ ತಪ್ಪಿಸಿದ.

ಅವಳು ಮನೆಗೆ ಓಡಿದಳು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈಗಷ್ಟೇ ಬಂದ ಆರು ಅಂಕಿಗಳು ಕೈಯಲ್ಲಿದ್ದ ಫೋನಿನ ಪರದೆಯ ಮೇಲಿದ್ದವು.

"ನೀನಾ ಅಕ್ಕಾ?"

ಅಕ್ಕ ಗೋಡೆಗೊರಗಿ ಕುಸಿದು ಕೂತಳು.

"ಹೋದ ವರ್ಷ ಪರೀಕ್ಷೆಯಿಂದ ಬಂದು ಹನ್ನೊಂದು ದಿನ ನೀನು ಬಾಯಿ ಬಿಡ್ಲಿಲ್ಲ ಗುಬ್ಬಿ. ಬಚ್ಚಲಿಗೆ ಹೋದ್ರೂ ಬಾಗಿಲು ತಟ್ತಾ ನಿಂತಿರ್ತಿದ್ದೆ. ಅಷ್ಟು ದೂರದಲ್ಲಿ ಹಾಗಾದ್ರೆ ಯಾರು ಬಾಗಿಲು ತಟ್ತಾರೆ? ಹೇಳು!"

ಅವಳಿಗೆ ಕೋಪ ಉಕ್ಕಿತು, ಅದರ ಬೆನ್ನಿಗೇ ಅಳುವೂ.

"ಅವರೂ ನಿನ್ನ ಜೊತೆ ಸೇರಿದ್ರಾ?"

"ಯಾರು, ಜೆರಾಕ್ಸ್‌ನವನಾ? ಅಂಗಲಾಚಿದೆ ಕಣೇ ಅವನನ್ನ. ಕಂಪ್ಯೂಟರನ್ನೇ ಆಫ್ ಮಾಡಿಬಿಟ್ಟ. 'ಅವರ ಆಯ್ಕೆ ಮುಟ್ಟೋ ಹಕ್ಕು ನಮ್ಮಿಬ್ಬರಿಗೂ ಇಲ್ಲ' ಅಂದ. ನಾನು ಬಂದಿದ್ದನ್ನ ಹೇಳ್ಬೇಡಪ್ಪಾ ಅಂತ ಮಾತು ತಗೊಂಡೆ. ಆಮೇಲೆ ನಿನ್ನ ಪುಸ್ತಕದ ಕೊನೇ ಹಾಳೇಲಿ ಪಾಸ್‌ವರ್ಡ್ ನೋಡಿ ನಾನೇ..."

ಅವಳು ಪಕ್ಕದಲ್ಲಿ ಕೂತು ಅಕ್ಕನ ಒದ್ದೆ ಕೈ ಹಿಡಿದುಕೊಂಡಳು.

"ದಿನಾ ಫೋನ್ ಮಾಡ್ತೀನಿ ಅಕ್ಕಾ. ಒಂದು ದಿನ ಮಾಡ್ದಿದ್ರೆ ನೀನೇ ರೈಲು ಹತ್ತಿ ಬಂದು ಬಾಗಿಲು ತಟ್ಟು."

"ಒದ್ದೇ ಬಿಡ್ತೀನಿ ಬಾಗಿಲನ್ನ!" ಎಂದಳು ಅಕ್ಕ, ಅಳುತ್ತಲೇ.

ತಂಗಿಯ ಫೋನಿನಲ್ಲೇ ಮತ್ತೆ ಅರ್ಜಿ ತೆರೆದರು. ಹೊಸ ಒಟಿಪಿಯನ್ನು ಅಕ್ಕ ಒಂದೊಂದೇ ಅಂಕಿಯಾಗಿ ಓದಿ ಹೇಳಿದಳು. ಕೊನೆಯ ಅಂಕಿಗೆ ದನಿ ಒಡೆಯಿತು... ಆದರೂ ಹೇಳಿದಳು. ಗಡುವಿಗೆ ಇನ್ನೂ ಹದಿನಾಲ್ಕು ನಿಮಿಷವಿತ್ತು.

ಅವಳು ಅಂಗಡಿಗೆ ಮರಳಿದಾಗ ಅವನು ಗಡಿಯಾರವನ್ನೇ ನೋಡುತ್ತಾ ನಿಂತಿದ್ದ.

"ಆಯ್ತಾ?"

"ಆಯ್ತು." ಅವಳು ತಲೆ ತಗ್ಗಿಸಿದಳು. "ಬಾಯಿಗೆ ಬಂದಂತೆ ಅಂದೆ... ತಪ್ಪಾಯ್ತು. ಆದ್ರೂ ನಿನ್ನೆನೇ ನನಗೆ ಹೇಳ್ಬೇಕಿತ್ತು ನೀವು!"

"ಹೌದು, ಹೇಳ್ಬೇಕಿತ್ತು. ಅಷ್ಟು ಅತ್ತವರಿಗೆ ಮಾತು ಕೊಟ್ಟು ಸಿಕ್ಕಿಹಾಕ್ಕೊಂಡೆ."

ಅವಳು ಕೌಂಟರ್ ಮೇಲಿನ ಕಾಗದದ ಅಂಚನ್ನು ಮಡಚಿದಳು, ಬಿಡಿಸಿದಳು.

"ಆಸೆ ಇದೆ ಅಂದ್ರಲ್ಲ... ಅದು ನಿಜಾನಾ?"

"ನಿಜ. ನೀವು ಹೋಗ್ಬೇಕು ಅನ್ನೋದೂ ಅಷ್ಟೇ ನಿಜ."

"ನನಗೂ ನಿಮ್ಮನ್ನ ಬಿಟ್ಟು ಹೋಗೋಕೆ ಕಷ್ಟವಾಗುತ್ತೆ." ಹೇಳಿಬಿಟ್ಟಳು! ಕಿವಿಯವರೆಗೂ ಬಿಸಿಯೇರಿತು. "ಐದು ವರ್ಷ ಕಾಯ್ತೀರಾ?"

"ಇಲ್ಲಿ ಕೂತು ಕಾಯೋನಲ್ಲ ನಾನು. ತಿಂಗಳಿಗೊಂದು ಭಾನುವಾರ ಅಂಗಡಿ ಮುಚ್ಚಿ ಬರ್ತೀನಿ. ನಂಬಿಕೆ ಬರ್ಲಿಲ್ಲ ಅಂದ್ರೆ ಈಗ್ಲೇ ಬರೆದುಕೊಡ್ತೀನಿ, ಸಹಿ ಸಮೇತ."

ಅವಳು ಅವನ ಕೈಯಿಂದ ಪೆನ್ನು ತೆಗೆದು ಪಕ್ಕಕ್ಕಿಟ್ಟಳು. ಆ ಕೈಯನ್ನು ಮಾತ್ರ ಬಿಡಲಿಲ್ಲ.

"ಬರೆಯೋದು ಬೇಡ. ನಂಬ್ತೀನಿ."