ಪದುಮಿ ಬೇಗ ಬೆಳೆದ ಕತೆ

ಬಹಳ ಹಿಂದೆ, ಮಂದಾರಪುರವೆಂಬ ರಾಜ್ಯದಲ್ಲಿ ಜಕ್ಕವ್ವ ಎಂಬುವಳು ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸಿ ಬದುಕುತ್ತಿದ್ದಳು. ಗಂಡ ತೀರಿಕೊಂಡಿದ್ದ. ಅವಳಿಗಿದ್ದವಳು ಒಬ್ಬಳೇ ಮಗಳು, ಪದುಮಿ. ಆಗಷ್ಟೇ ತೊದಲು ಮಾತು ಕಲಿತ ಕೂಸು.

ಒಂದು ಬೆಳಿಗ್ಗೆ ಜಕ್ಕವ್ವ ಮಗಳಿಗೆ ಲಂಗ ತೊಡಿಸಿದರೆ ಅದು ಮೊಣಕಾಲಿಗೇ ನಿಂತಿತು. ಹಿಂದಿನ ದಿನ ಅದೇ ಲಂಗ ನೆಲ ಗುಡಿಸುತ್ತಿತ್ತು. ಅವಳು ನೆರೆಮನೆಯ ಬಸಲಿಂಗಿಗೆ ಇದನ್ನು ಹೇಳಿದಳು.

"ನನ್ನ ಮೊಮ್ಮಗನೂ ಹಾಗೇ ಬೆಳೀತಿದಾನೆ. ಬೇಗ ಕೈಗೆ ಬಂದರೆ ಒಳ್ಳೇದೇ ಅಲ್ವೇನೇ?" ಎಂದಳು ಬಸಲಿಂಗಿ.

ರಾಜನಿಗೂ ಸಂತೋಷವಾಗಿತ್ತು. ನಿನ್ನೆ ಅಂಬೆಗಾಲಿಡುತ್ತಿದ್ದ ಹುಡುಗರು ನಾಳೆ ಸೈನ್ಯಕ್ಕೆ ಸೇರುತ್ತಾರೆಂದು ಅವನು ಊರಿಗೆಲ್ಲ ಸಕ್ಕರೆ ಹಂಚಿಸಿದ.

ಮಧ್ಯಾಹ್ನ ಹರಿಗೋಲಿನಲ್ಲಿ ಪದುಮಿ ನಿದ್ದೆಹೋಗಿದ್ದಾಗ ಬೂದಿ ಬಣ್ಣದ ಹಕ್ಕಿಯೊಂದು ಅವಳ ತಲೆಯ ಬಳಿ ಬಂದು ಕೂತಿತು. ಕೂದಲಿನಿಂದ ಹೊಳೆಯುವ ಎಳೆಯೊಂದನ್ನು ಕೊಕ್ಕಿನಲ್ಲಿ ಹಿರಿದುಕೊಂಡಿತು. ಎಳೆ ಹೊರಬಂದಂತೆ ಮಗುವಿನ ಪಾದಗಳು ಜಕ್ಕವ್ವನ ಕಣ್ಣೆದುರೇ ಉದ್ದವಾದವು. ಅವಳು ಹರಿಗೋಲಿನಲ್ಲಿದ್ದ ಕಲ್ಲೊಂದನ್ನು ಬೀಸಿ ಎಸೆದಳು. ಹೊಗೆಯೊಳಗೆ ತೂರಿದಂತೆ ಕಲ್ಲು ಹಕ್ಕಿಯೊಳಗೆ ತೂರಿಹೋಯಿತು. ಹಕ್ಕಿ ಹೊಳೆ ಹರಿದುಬರುವ ದಿಕ್ಕಿಗೆ ಹಾರಿತು.

ಹರಿಗೋಲಿನಲ್ಲಿ ಕೂತಿದ್ದ ಮುದಿ ಕುರುಬನೊಬ್ಬ ಹೇಳಿದ: "ಅದು ಮಾಂತ್ರಿಕ ಕಾಲಕೇತುವಿನ ಹಕ್ಕಿ, ತಾಯಿ. ಮಕ್ಕಳ ಎಳೆತನ ಕುಡಿದೇ ಅವನು ಸಾಯದೆ ಉಳಿದಿರೋದು. ಹೊಳೆ ಹುಟ್ಟೋ ಗವಿಯಲ್ಲಿದ್ದಾನೆ. ಹೋದವರು ಯಾರೂ ತಿರುಗಿ ಬಂದಿಲ್ಲ."

ಜಕ್ಕವ್ವ ಅವನನ್ನು ದಡಕ್ಕೆ ಬಿಟ್ಟಳು. ಮನೆಗೆ ಹೋಗಲಿಲ್ಲ. ಹರಿಗೋಲನ್ನು ಪ್ರವಾಹಕ್ಕೆ ಎದುರಾಗಿ ತಿರುಗಿಸಿದಳು.

ಮೊದಲು ಎದುರಾದದ್ದು ಹೊಳೆಗೆ ಅಡ್ಡಲಾಗಿ ಮಲಗಿದ್ದ ಮೊಸಳೆ. ಎಷ್ಟೋ ವರ್ಷಗಳಿಂದ ನಿದ್ದೆಯಿಲ್ಲದೆ ಕಾವಲಿದ್ದು ಅದರ ಕಣ್ಣು ಕೆಂಡವಾಗಿತ್ತು. ಪದುಮಿ ಹೆದರಿ ಅಳತೊಡಗಿದಳು. ಜಕ್ಕವ್ವ ಅವಳನ್ನು ಸೊಂಟಕ್ಕೇರಿಸಿ, ಬೆನ್ನು ತಟ್ಟಿ, ದಿನಾ ಹಾಡುತ್ತಿದ್ದ ಜೋಗುಳವನ್ನೇ ಹಾಡಿದಳು. ಮಗು ಅಳು ನಿಲ್ಲಿಸಿತು. ಮೊಸಳೆ ಒಮ್ಮೆ ಆಕಳಿಸಿ, ಕಣ್ಣು ಮುಚ್ಚಿ, ನೀರಿನ ತಳಕ್ಕೆ ಇಳಿಯಿತು. ಅವರು ಮುಂದೆ ಹೋದರು.

ಮರುದಿನ ಮಧ್ಯಾಹ್ನವೂ ಹಕ್ಕಿ ಬಂದು ಎಳೆ ಕಿತ್ತಿತು. ಪದುಮಿಯ ಹಾಲುಹಲ್ಲು ಉದುರಿದವು. ಈಗ ಅವಳನ್ನು ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಹರಿಗೋಲು ಹೋಗದ ಕಡೆ ಇಬ್ಬರೂ ಇಳಿದು ನಡೆದರು. ಹರಿಗೋಲಿನ ಹುಟ್ಟನ್ನು ಜಕ್ಕವ್ವ ಹೆಗಲಿಗಿಟ್ಟುಕೊಂಡಳು.

ಮುಳ್ಳುಕಾಡಿನ ಬಾಯಲ್ಲಿ ಕರಡಿಯೊಂದು ಕೂತಿತ್ತು. "ನಿಮ್ಮನ್ನು ತಿನ್ನುತ್ತೇನೆ. ಆದರೆ ತಿನ್ನುವ ಮುಂಚೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳಬೇಕು ಅಂತ ನನಗೆ ಶಾಪವಿದೆ. ಏನಾದರೂ ಕೇಳುವುದಿದ್ದರೆ ಕೇಳಿ" ಎಂದಿತು.

"ನಿನ್ನ ಮೂಗು ಯಾಕೆ ಒದ್ದೆ?" ಎಂದು ಕೇಳಿದಳು ಪದುಮಿ. ಕರಡಿ ಹೇಳಿತು. "ಜೇನಿಗೆ ಸಿಹಿ ಯಾರು ಹಾಕ್ತಾರೆ?" ಕರಡಿ ಅದನ್ನೂ ಹೇಳಿತು. "ನಿಮ್ಮಮ್ಮ ಎಲ್ಲಿ? ನೀನು ಸತ್ತಮೇಲೆ ಕಾಡು ಯಾರದು? ಕತ್ತಲೆ ಹಗಲಲ್ಲಿ ಎಲ್ಲಿರುತ್ತೆ?" ಹೊತ್ತು ಇಳಿಯಿತು. ಪದುಮಿಗೆ ದಣಿವೇ ಇರಲಿಲ್ಲ. ಕೊನೆಗೆ ಕರಡಿ ತಲೆ ಹಿಡಿದುಕೊಂಡು, "ನಡೀರಿ, ಇಬ್ಬರೂ ನಡೀರಿ" ಎಂದು ದಾರಿ ಬಿಟ್ಟಿತು. ಮನೆಯಲ್ಲಾಗಿದ್ದರೆ ಸುಮ್ಮನಿರು ಎಂದು ಗದರುತ್ತಿದ್ದೆನಲ್ಲ ಎಂದುಕೊಂಡಳು ಜಕ್ಕವ್ವ.

ಅದರ ಮರುದಿನ ಹಕ್ಕಿ ಮತ್ತೆ ಬಂದು ಹೋದಾಗ ಪದುಮಿ ತಾಯಿಗಿಂತ ಎತ್ತರವಾಗಿದ್ದಳು. ತಾಯಿಯ ಸೀರೆಯನ್ನೇ ಹರಿದು ಇಬ್ಬರೂ ಉಟ್ಟಿದ್ದರು.

ಗವಿಯ ಬಾಗಿಲಲ್ಲಿ ಹುಲಿ ಎದ್ದು ನಿಂತಿತು.

"ನನ್ನ ಹಿಂದೆ ಬಾ" ಎಂದಳು ಜಕ್ಕವ್ವ.

"ಅವ್ವ, ನೀನೇ ಹಿಂದೆ ನಿಲ್ಲು" ಎಂದು ಪದುಮಿ ತಾಯಿಯ ಕೈಯಿಂದ ಹುಟ್ಟನ್ನು ತೆಗೆದುಕೊಂಡಳು. ಹುಲಿ ಬಾಯಿ ತೆರೆದು ಹಾರಿತು. ಅವಳು ಹುಟ್ಟನ್ನು ಅದರ ದವಡೆಗಳ ನಡುವೆ ನೆಟ್ಟಗೆ ಸಿಕ್ಕಿಸಿದಳು. ಬಾಯಿ ಮುಚ್ಚಲಾಗದೆ ಹುಲಿ ಕಾಡಿಗೆ ಓಡಿತು. ಜಕ್ಕವ್ವ ಹುಲಿಯನ್ನು ನೋಡಲಿಲ್ಲ. ಮಗಳ ಅಗಲವಾದ ಬೆನ್ನನ್ನೇ ನೋಡುತ್ತ ನಿಂತಿದ್ದಳು.

ಒಳಗೆ ಕಾಲಕೇತು ಕೂತಿದ್ದ. ಮೈ ಮುದುಕನದು, ಕೆನ್ನೆ ಮಾತ್ರ ಹಸುಗೂಸಿನದು. ಅವನ ಮುಂದೆ ಹೊಳೆಯುವ ಎಳೆಗಳು ತುಂಬಿದ ಮಣ್ಣಿನ ಗಡಿಗೆ. ಜಕ್ಕವ್ವ ಕಲ್ಲೆತ್ತಿದಳು.

ಅವನು ಎದ್ದೇಳಲೂ ಇಲ್ಲ. "ಒಡೆದರೆ ಎಲ್ಲ ಮಕ್ಕಳ ಎಳೆತನವೂ ಹಿಂದಿರುಗುತ್ತೆ. ನಿನ್ನ ಪಕ್ಕದಲ್ಲಿರೋ ಈ ಹುಡುಗಿ ಇರೋದಿಲ್ಲ. ನಿನಗೋಸ್ಕರ ಹುಲಿಗೆ ಎದುರು ನಿಂತವಳು. ಬಿಟ್ಟುಬಿಡ್ತೀಯಾ?" ಎಂದ.

ಜಕ್ಕವ್ವನ ಕೈ ನಿಂತಿತು. ಅವಳು ಮಗಳ ಮುಖ ನೋಡಿದಳು. ಹುಬ್ಬು ಗಂಡನದು. ನೋಟ ಬೇರೆ ಯಾರದೂ ಅಲ್ಲ, ಆ ಹುಡುಗಿಯ ಸ್ವಂತದ್ದು. ಈ ಹುಡುಗಿಯ ಪರಿಚಯ ಆಗಿ ಒಂದು ಹೊತ್ತೂ ಆಗಿರಲಿಲ್ಲ.

"ಹಾಕು, ಅವ್ವ," ಎಂದಳು ಪದುಮಿ. "ನಾನು ಮತ್ತೆ ಬರ್ತೀನಲ್ಲ. ನಿಧಾನಕ್ಕೆ."

ಜಕ್ಕವ್ವ ಕಲ್ಲು ಹಾಕಿದಳು. ಗಡಿಗೆ ಒಡೆದು ಎಳೆಗಳು ಗವಿಯಿಂದ ಹೊರಗೆ ಹಾರಿದವು. ಕಾಲಕೇತುವಿನ ಕೆನ್ನೆ ಸುಕ್ಕಾಯಿತು, ಮೈ ಒಣಗಿತು, ಕೊನೆಗೆ ಒಂದು ಹಿಡಿ ಧೂಳಾಯಿತು. ಹರಿದ ಸೀರೆಯ ಮುದ್ದೆಯಲ್ಲಿ ಪುಟ್ಟ ಪದುಮಿ ಕೂತು ಕಣ್ಣುಜ್ಜಿಕೊಳ್ಳುತ್ತಿದ್ದಳು. ಅವಳಿಗೆ ಯಾವುದೂ ನೆನಪಿರಲಿಲ್ಲ.

"ಅವ್ವ, ಎತ್ಕೋ" ಎಂದಳು.

ಮಂದಾರಪುರದ ಮಕ್ಕಳೆಲ್ಲ ಮತ್ತೆ ಚಿಕ್ಕವರಾದರು. ರಾಜನಿಗೆ ಸೈನಿಕರು ಸಿಗಲಿಲ್ಲ, ಹಾಗಾಗಿ ಯುದ್ಧವೂ ಆಗಲಿಲ್ಲ. ಎಲ್ಲರೂ ಸುಖವಾಗಿ ಬಾಳಿದರು. ಪದುಮಿಯೂ ಎಲ್ಲ ಮಕ್ಕಳಂತೆ ವರ್ಷಕ್ಕೆ ಒಂದೇ ವರ್ಷ ಬೆಳೆದಳು. ಅದು ಕೂಡ ಬೇಗವೇ ಆಯಿತು ಎನ್ನಿಸಿತು ಜಕ್ಕವ್ವನಿಗೆ. ಆದರೆ ಅದಕ್ಕೆ ಯಾವ ಮಾಂತ್ರಿಕನೂ ಕಾರಣನಾಗಿರಲಿಲ್ಲವಾದ್ದರಿಂದ ಅವಳು ಯಾರ ಮೇಲೂ ಕಲ್ಲೆತ್ತಿಕೊಂಡು ಹೋಗಲಿಲ್ಲ. ಹೊಳೆಯ ದಡದಲ್ಲಿ ಜನ ಕಾಯುತ್ತಿದ್ದರೂ ಸರಿಯೇ, ಮಗಳ ಮಾತು ಮುಗಿಯುವ ತನಕ ಕೂತು ಕೇಳಿ ಆಮೇಲೆ ಏಳುತ್ತಿದ್ದಳು.