ಒಂದು ಗುಟುಕು ನೀರು

"ಕುಡೀಬೇಡಿ! ಇಡಿ ಕೆಳಗೆ!"

ಹೇಮಶ್ರೀ ಕೂಗಿದ ರಭಸಕ್ಕೆ ಆ ಯುವಕ ನೀರಿನ ಬಾಟಲಿಯನ್ನು ಬಾಯಿಂದ ಕಿತ್ತು ಮೇಜಿನ ಮೇಲಿಟ್ಟ.

ಪಾಂಡವಪುರದ ಪುಟ್ಟ ಆಸ್ಪತ್ರೆಯ ಲ್ಯಾಬು. ತೊಂಬತ್ತೆಂಟರ ಬೇಸಿಗೆ. ಟೈಫಾಯ್ಡ್ ಕ್ರಿಮಿಗಳ ಮೇಲೆ ಸಂಶೋಧನೆ ಮಾಡಲು ಮೈಸೂರಿನಿಂದ ಬಂದ ಚಲುವರಾಜುವಿಗೆ ಅಲ್ಲಿ ಅದು ಮೊದಲ ದಿನ. ಲ್ಯಾಬ್ ಟೆಕ್ನಿಷಿಯನ್ ಹೇಮಶ್ರೀ ಅವನೊಡನೆ ಆಡಿದ ಮೊದಲ ಮಾತೇ ಅದು!

"ನಿಮ್ಮ ಬಾಟಲಿ ಅಂತ ಗೊತ್ತಾಗಲಿಲ್ಲ ಮೇಡಂ. ನೀರಿಗೆ ಇಷ್ಟು ಕೋಪವಾ?"

ಕೋಪವಲ್ಲ... ಭಯ. ಆದರೆ ಹೇಳುವುದು ಹೇಗೆ?

ಹೇಳಲು ಹತ್ತು ದಿನ ಬೇಕಾಯಿತು.

"ಕಾಲೇಜಲ್ಲಿದ್ದಾಗ ನನಗೆ ಟೈಫಾಯ್ಡ್ ಬಂದು ವಾಸಿಯಾಗಿತ್ತು. ಮದುವೆಯಾದ ಎಂಟೇ ತಿಂಗಳಿಗೆ ಅದೇ ಜ್ವರದಲ್ಲಿ ನಮ್ಮ ಯಜಮಾನರು ಹೋದರು... ವಾಸಿಯಾದ ಮೇಲೂ ಕೆಲವರೊಳಗೆ ಆ ಕ್ರಿಮಿ ಸದ್ದಿಲ್ಲದೆ ಉಳ್ಕೊಂಡುಬುಡುತ್ತೆ ಅಲ್ವಾ? ಅವರಿಗೆ ಅಡುಗೆ ಮಾಡಿ ಹಾಕಿದವಳು ನಾನು."

"ಪರೀಕ್ಷೆ ಮಾಡ್ಕೊಳ್ಳಲಿಲ್ವಾ?"

"ಊರವರದ್ದೆಲ್ಲ ಮಾಡ್ತೀನಿ. ನನ್ನದು ಮಾಡಕ್ಕೆ ಧೈರ್ಯ ಬರಲಿಲ್ಲ."

ಚಲುವರಾಜುವಿನ ಮುಖ ಒಮ್ಮೆಲೇ ಬಿಳಿಚಿತು. ಹೇಮಶ್ರೀ ಅದನ್ನು ಕಂಡಳು. 'ಅಸಹ್ಯ ಪಟ್ಟುಕೊಂಡರು...'

"ನಾನು ಮಾಡ್ತೀನಿ," ಎಂದ ಅವನು. "ಬೇರೆ ಬೇರೆ ವಾರ, ಮೂರು ಸಲ."

ಮೂರನೆಯ ಸ್ಯಾಂಪಲ್ ಕೊಟ್ಟ ಎರಡು ದಿನಕ್ಕೆ, ಕಾಂಪೌಂಡರ್ ಚೌಡಯ್ಯನ ಕೋಣೆಯಿಂದ ಅವನ ದನಿ ಕೇಳಿಸಿತು.

"ತನ್ನದು ಅಂತ ಏನೂ ಇಲ್ಲ ಚೌಡಯ್ಯ. ಸೇರ್ಕೊಂಡ ಮನೇಲಿ ಬೇರೆಯವರು ಬಿಟ್ಟ ಗಾಳಿ ತಿಂದೇ ಗಟ್ಟಿಯಾಗೋದು. ಕೊನೆಗೆ ಯಜಮಾನನ್ನೇ ತೆಗೆಯೋದು!"

"ನಮ್ಮಳಿಯನಂಗೆ ಅನ್ನಿ ಸಾ!" ಚೌಡಯ್ಯ ನಕ್ಕ.

ಒಳಗೆ ಹೊರಟಿದ್ದ ಹೇಮಶ್ರೀ ಬಾಗಿಲಾಚೆಯೇ ನಿಂತಳು. ತಿಥಿಯ ದಿನ ಅತ್ತೆ ದೊಡ್ಡತಾಯಮ್ಮ ನೆಂಟರೆದುರು ಅಂದದ್ದೂ ಇದನ್ನೇ: "ನನ್ ಮಗನ ಉಸ್ರು ತಿಂದು ಕುಂತವಳೆ ಕಣ್ರವ್ವಾ!"

ರಿಪೋರ್ಟು ಬಂದಿರಬೇಕು. ನಾನೇ... ನಾನೇ ಕೊಂದೆ!

ಮೂರು ದಿನ ಅವಳು ಪಾಲಹಳ್ಳಿಯ ಅತ್ತೆ ಮನೆ ಬಿಟ್ಟು ಹೊರಡಲಿಲ್ಲ. ತನ್ನ ಪಾತ್ರೆ ತನಗೆ, ತನ್ನ ಒಲೆ ತನಗೆ. ಗಂಡ ಹೋದ ಮೇಲೆ ಒಂದು ವರ್ಷದಿಂದ ಹಾಗೆಯೇ.

ನಾಲ್ಕನೆಯ ದಿನ ಮಧ್ಯಾಹ್ನ, ಅತ್ತೆ ಹೊಲಕ್ಕೆ ಹೋಗಿದ್ದಾಗ, ಬಾಗಿಲಲ್ಲಿ ಚಲುವರಾಜು! ಕೈಯಲ್ಲೊಂದು ಕವರು.

"ಒಳಗೆ ಬರಬೇಡಿ... ಅಲ್ಲಿಂದಲೇ ಹೇಳಿಬುಡಿ. ಗಾಳಿ ತಿನ್ನೋಳು ನಾನು. ಕೇಳಿಸ್ಕೊಂಡೆ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಅಯ್ಯೋ! ಅದು ಟೈಫಾಯ್ಡ್ ಕ್ರಿಮಿ ವಿಷಯ ಕಣ್ರೀ! ನಮ್ಮ ಕರುಳಲ್ಲಿರೋ, ತೊಂದರೆ ಮಾಡದ ಕ್ರಿಮಿಗಳು ಜಲಜನಕದ ಗಾಳಿ ಬಿಡ್ತವೆ. ಅದನ್ನ ಶಕ್ತಿಯಾಗಿ ಮಾಡ್ಕೊಳ್ಳೋ ಕಿಣ್ವ ಟೈಫಾಯ್ಡ್ ಕ್ರಿಮಿ ಹತ್ರ ಅದೆ. ಆ ಕಿಣ್ವ ಇಲ್ದಿದ್ರೆ ಅದು ನಮ್ಮೊಳಗೆ ಬೇರೂರಕ್ಕೆ ಆಗಲ್ವೇನೋ ಅಂತ ನನ್ನ ಊಹೆ. ಚೌಡಯ್ಯಂಗೆ ಅದನ್ನೇ ಹೇಳ್ತಿದ್ದೆ."

ಕವರು ಚಾಚಿದ. ಮೂರು ಸಲದ ಸ್ಯಾಂಪಲ್‌ನಲ್ಲೂ ಕ್ರಿಮಿ ಬೆಳೆದಿರಲಿಲ್ಲ.

ಅವಳು ಹಾಳೆಯನ್ನು ಎರಡು ಸಲ ಓದಿದಳು. "ಇದು ಈಗಿನ ಮಾತು. ಆವತ್ತು?"

ಸುಳ್ಳು ಹೇಳಬಹುದಿತ್ತು. ಅವನು ಹೇಳಲಿಲ್ಲ.

"ಆವತ್ತು ಇತ್ತೋ ಇಲ್ವೋ, ಈಗ ಯಾರಿಂದಲೂ ಹೇಳಕ್ಕಾಗಲ್ಲ ಹೇಮಶ್ರೀ."

"ಹಂಗಾದ್ರೆ ನನ್ನ ಭಯ ಹೋಗಲ್ಲ."

"ನನಗೂ ಭಯ ಇತ್ತು." ಅವನು ತಲೆ ತಗ್ಗಿಸಿದ. "ಮೊದಲ ದಿನ... ನೀವು ಕೂಗೋ ಹೊತ್ತಿಗೆ ಒಂದು ಗುಟುಕು ಒಳಗೆ ಹೋಗಿತ್ತು."

"ಏನು?!"

"ನೀವು ವಿಷಯ ಹೇಳಿದ ಮೇಲೆ ದಿನಾ ಹಣೆ ಮುಟ್ಟಿ ನೋಡ್ಕೊಂಡೆ. ಜ್ವರ ಬರಲಿಲ್ಲ."

ಮುಖ ಬಿಳಿಚಿದ್ದು ಅದಕ್ಕಾ!

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಇನ್ನೂ ದೂರ ಹೋಗ್ತಿದ್ರಿ. ನನಗೆ ಜ್ವರಕ್ಕಿಂತ ಅದೇ ಹೆಚ್ಚು ಭಯ ಆಯ್ತು."

ಹೇಮಶ್ರೀ ನಕ್ಕಳು. ವರ್ಷದ ಮೇಲೆ ಬಂದ ನಗು ಅರ್ಧ ದಾರಿಯಲ್ಲೇ ಅಳುವಾಯಿತು.

ಅವನು ಕೈ ತೊಳೆದು ಬಂದು ಚಾಪೆಯ ಮೇಲೆ ಊಟಕ್ಕೆ ಕುಳಿತುಬಿಟ್ಟ. ಅವಳು ಸೋಪು ಹಾಕಿ ಕೈ ತೊಳೆದಳು... ಮತ್ತೆ ತೊಳೆದಳು... ಮತ್ತೊಮ್ಮೆ...

"ಸಾಕು ಬುಡಿ, ಚರ್ಮ ಕಿತ್ತೋಗುತ್ತೆ!"

"ಒಬ್ಬಳಿಗೆ ಅಂತ ಮಾಡಿದ್ದು. ಒಂದೇ ಮುದ್ದೆ ಇರೋದು."

"ಅರ್ಧ ಸಾಕು ನನಗೆ," ಎಂದ ಚಲುವರಾಜು. "ದಿನಾ ಕೊಡೋ ಹಂಗಿದ್ರೆ."

ಅವಳು ಮುದ್ದೆ ಮುರಿದು ಅರ್ಧ ಅವನ ತಟ್ಟೆಗಿಟ್ಟಳು.

"ಸಾರು ಖಾರ ಅದೆ... ನಿಧಾನಕ್ಕೆ ಉಣ್ಣಿ."