ನಾಲ್ಕು ಸೆಕೆಂಡು ತಡ

“ಬಿಳಿ ಗಾಡಿ ಸೋತಿದೆ,” ಎಂದ ಮೇಷ್ಟ್ರು, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. “ಅದೂ ನಾಲ್ಕು ಸೆಕೆಂಡು.”

ಅವಳು ಟ್ರ್ಯಾಕಿನ ಪಕ್ಕದ ಶೆಡ್ಡಿನಲ್ಲಿ ಶೂ ಬಿಚ್ಚಿ, ಊದಿದ ಕಾಲುಗಳನ್ನು ಎದುರಿನ ಕುರ್ಚಿಯ ಮೇಲೆ ಚಾಚಿದ್ದಳು. ಹನ್ನೊಂದು ವರ್ಷದಿಂದ ಪತ್ರಿಕೆಯೊಂದಕ್ಕಾಗಿ ಕಾರು ಓಡಿಸಿ ನೋಡುವುದೇ ಅವಳ ಕೆಲಸ. ಈಗ ಸೊಂಟ ಕೈಕೊಟ್ಟಿತ್ತು. ನಿನ್ನೆಯಷ್ಟೇ ರಾಜೀನಾಮೆ ಕೊಟ್ಟಿದ್ದಳು. ಈ ಎರಡು ದುಬಾರಿ ಎಸ್‌ಯುವಿಗಳ ಹೋಲಿಕೆಯೇ ಕೊನೆಯದು.

ಆರು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ವೇಗ, ಬ್ರೇಕು, ತಿರುವು ಎಲ್ಲಕ್ಕೂ ಅಂಕ ಹಾಕುತ್ತಿದ್ದವನು ಇವನು. ಅದಕ್ಕೇ ಆಫೀಸಿನವರು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ರಾಜೀನಾಮೆಯ ಸುದ್ದಿ ಕೇಳಿಯೂ ಪುಣ್ಯಾತ್ಮ ತುಟಿಪಿಟಕ್ಕೆನ್ನಲಿಲ್ಲ. ಸೊಂಟಕ್ಕಿಂತ ಅದೇ ಅವಳಿಗೆ ಹೆಚ್ಚು ನೋಯುತ್ತಿತ್ತು.

“ಸೋಲೋಕೆ ಸಾಧ್ಯಾನೇ ಇಲ್ಲ ಮೇಷ್ಟ್ರೇ. ಬಿಳೀದರ ಎಂಜಿನ್ ಎಷ್ಟು ಚುರುಕು. ತಿರುವಲ್ಲಿ ಕಪ್ಪು ಗಾಡಿ ಥರ ವಾಲೋದೂ ಇಲ್ಲ.”

“ನಾನೂ ಅದನ್ನೇ ಬರ್ದಿದ್ದೆ. ಆದ್ರೆ ಗಾಜಿಗೆ ಅಂಟಿಸಿರೋ ವೇಗ ಅಳೆಯೋ ಯಂತ್ರ ಬೇರೆ ಹೇಳ್ತಿದೆ.” ಅವನು ಪರದೆಯನ್ನು ಅವಳತ್ತ ತಿರುಗಿಸಿದ. “ನೋಡಿ. ಮೂರನೇ ತಿರುವಿಂದ ಆಚೆ ಎಲ್ಲಾ ಕಡೆ ಬ್ರೇಕು ಬೇಗ ಒತ್ತಿದೀರ. ಅದೂ ಮೆತ್ತಗೆ.”

ಅವಳ ಮುಖ ಬಿಸಿಯಾಯಿತು. ಮೂರನೇ ತಿರುವಿನಲ್ಲೇ ಅವನ ತಲೆ ಕಿಟಕಿಯ ಗಾಜಿಗೆ ಒರಗಿದ್ದು. ಕಣ್ಣು ಮುಚ್ಚಿತ್ತು, ಪೆನ್ನು ತೊಡೆಯ ಮೇಲೆ ಜಾರಿತ್ತು. ಮೂರು ದಿನದ ಓಡಾಟದಲ್ಲಿ ಪಾಪ, ಅವನೂ ಸೋತು ಸುಣ್ಣವಾಗಿದ್ದ. ಉಳಿದ ತಿರುವುಗಳನ್ನೆಲ್ಲ ಅವಳು ತುಂಬಿದ ಕೊಡ ಹೊತ್ತವಳ ಹಾಗೆ ದಾಟಿದ್ದಳು. ಕಿವಿಯ ಬಳಿಯ ಅವನ ನರೆಗೂದಲನ್ನು ಎರಡು ಸಲ ನೋಡಿಯೂ ಇದ್ದಳು.

“ನೀವು ಮಲಗಿದ್ರಿ,” ಎಂದಳು. “ಎಬ್ಬಿಸೋಕೆ ಮನಸ್ಸಾಗ್ಲಿಲ್ಲ.”

“ಮಲಗಿರ್ಲಿಲ್ಲ.”

“ಮತ್ತೆ?”

“ಕಣ್ಣು ಉರೀತಿತ್ತು, ಮುಚ್ಕೊಂಡೆ. ಗಾಡಿ ನಿಧಾನ ಆಯ್ತು. ಯಾಕೆ ಅಂತ ಗೊತ್ತಾದ್ಮೇಲೆ ಕಣ್ಣು ಬಿಡೋಕೆ ಮನಸ್ಸು ಬರ್ಲಿಲ್ಲ.” ಅವನು ಲ್ಯಾಪ್‌ಟಾಪ್ ಮುಚ್ಚಿದ. “ನಿನ್ನೆಯಿಂದ ಹೇಳ್ಬೇಕು ಅಂತಿದೀನಿ, ಬಾಯಿ ಬರ್ತಿಲ್ಲ. ಕೆಲಸ ಬಿಡಿ, ಬೇಡ ಅನ್ನಲ್ಲ. ನನ್ನ ಬಿಟ್ಟು ಹೋಗ್ಬೇಡಿ.”

ಅವಳು ಕುರ್ಚಿಯ ಮೇಲಿದ್ದ ಕಾಲುಗಳನ್ನು ಕೆಳಗಿಳಿಸಿದಳು.

“ಇಷ್ಟು ಹೇಳೋಕೆ ಆರು ವರ್ಷ ಬೇಕಾಯ್ತಾ?”

“ನೀವು ನಿಧಾನ ಓಡ್ಸಿದ್ದೂ ಇವತ್ತೇ ಅಲ್ವಾ?”

ಅವಳಿಗೆ ನಗು ಬಂತು. ಸುಸ್ತಿಗೆ ಅದೂ ಅರ್ಧಕ್ಕೇ ನಿಂತಿತು. “ನಿಮ್ಮನ್ನ ಬಿಡಲ್ಲ,” ಎಂದು ಶೂ ಹಾಕಿಕೊಂಡಳು. “ಏಳಿ. ನಮ್ಮಿಬ್ಬರ ದೆಸೆಯಿಂದ ಆ ಗಾಡಿಗೆ ಕೆಟ್ಟ ಹೆಸರು ಯಾಕೆ?”

ಈ ಸಲ ಅವಳು ದಾಕ್ಷಿಣ್ಯ ತೋರಿಸಲಿಲ್ಲ. ಮೇಷ್ಟ್ರು ಬಾಗಿಲಿನ ಹಿಡಿ ಬಿಗಿಹಿಡಿದು, ಕಣ್ಣು ಬಿಟ್ಟುಕೊಂಡೇ ಕೂತಿದ್ದ. ಬಿಳಿ ಗಾಡಿ ಮೂರು ಸೆಕೆಂಡಿನ ಅಂತರದಲ್ಲಿ ಗೆದ್ದಿತು.

ಹೊರಡುವಾಗ ಅವಳು ಬಿಳಿ ಗಾಡಿಯ ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. ಹನ್ನೊಂದು ವರ್ಷದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಇನ್ನೊಬ್ಬರು ಓಡಿಸಿದರೆ ಅವಳ ಬಲಗಾಲು ಸುಮ್ಮನೆ ಬ್ರೇಕು ಹುಡುಕುತ್ತಿತ್ತು.

“ಸ್ಟೀರಿಂಗ್ ಸ್ವಲ್ಪ ಹಗುರ. ಜೋಪಾನ.”

“ಗೊತ್ತು. ಹತ್ತಕ್ಕೆ ಏಳು ಹಾಕಿದೀನಿ.”

ಅವಳು ಸೀಟು ಹಿಂದಕ್ಕೆ ಒರಗಿಸಿಕೊಂಡಳು. ಗೇಟಿನ ಬಳಿಯ ಹಂಪು ಬಂದದ್ದು, ಅವನು ಅದನ್ನು ಇರುವೆಯ ಹಾಗೆ ಹತ್ತಿಸಿ ಇಳಿಸಿದ್ದು ಅವಳಿಗೆ ತಿಳಿಯಲಿಲ್ಲ. ಅವಳು ನಿಜವಾಗಿಯೂ ನಿದ್ದೆಹೋಗಿದ್ದಳು.